ಸೋತ ವಾರದಲ್ಲಿ ಬೇರೆಯವರ ವೋಟು ಉಳಿಸಲು ಹೋಗಬೇಕೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮೂರು ದಾವಣಗೆರೆ, ಈಗ ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಸಿಟಿಜನ್ ಆದ ಮೇಲೆ ನಾನು ಹಾಕಿದ ಮೊದಲ ವೋಟು 2024ರದು. ನಾನು ಬಯಸಿದವರು ಗೆಲ್ಲಲಿಲ್ಲ. ಯಾವ ಪಕ್ಷ ಅಂತ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆ ನವೆಂಬರ್ ತಿಂಗಳು ನನಗೆ ಯಾವುದೂ ಬೇಡವಾಗಿತ್ತು. ರಾತ್ರಿ ಎರಡಕ್ಕೆ ಎದ್ದು ಫೋನ್ ನೋಡುವುದು, ಆಫೀಸಿನಲ್ಲಿ ಸಿಡುಕುವುದು, ಊರಿನ ಫ್ಯಾಮಿಲಿ ಗ್ರೂಪಿನಲ್ಲಿ ಭಾವನ ಜೊತೆ ಜಗಳ. ಆಗಲೇ ಗೆಳತಿಯೊಬ್ಬಳು 'ಬ್ಯಾಲೆಟ್ ಕ್ಯೂರ್ ಮಾಡೋಕೆ ಹೋಗ್ತಿದೀನಿ, ಬಾರೆ' ಅಂತ ಕರೆದಳು. ಸಹಿಯ ತೊಂದರೆಯಿಂದ ತಡೆದ ವೋಟನ್ನು ಸರಿಮಾಡಿಕೊಳ್ಳಿ ಅಂತ ಮತದಾರರಿಗೆ ನೆನಪಿಸುವ ಕೆಲಸ ಅದು. ನಾನು ಹೋಗಲಿಲ್ಲ. ಈಗ 2026ರ ನವೆಂಬರ್ 3ರ ಚುನಾವಣೆ ಬರುತ್ತಿದೆ. ಮತ್ತೆ ಸೋತರೆ ಹೇಗಪ್ಪಾ ಅನ್ನುವ ಭಯ ಈಗಲೇ ಶುರುವಾಗಿದೆ. ಆ ಕ್ಯೂರ್ ಕೆಲಸದಿಂದ ನಿಜವಾಗಿ ಉಪಯೋಗ ಇದೆಯಾ, ಸುಮ್ನೆ ನಮ್ಮ ಸಮಾಧಾನಕ್ಕಾ? ಬೇರೆಯವರ ವೋಟಿನ ವಿಷಯಕ್ಕೆ ಕೈ ಹಾಕುವುದು ಕಾನೂನಿಗೆ ಸರಿಯಾ? ನಮ್ಮ ಯಜಮಾನರದು ಇನ್ನೂ ಗ್ರೀನ್ ಕಾರ್ಡ್. ಅವರೂ ಬರಬಹುದಾ?

ಉತ್ತರ: ಪಕ್ಷ ಯಾವುದು ಅಂತ ನೀವು ಹೇಳದೆ ಇದ್ದದ್ದೇ ಒಳ್ಳೆಯದಾಯಿತು. ಯಾವ ಕಡೆಯವರು ಕೇಳಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ. ಆಪ್ತ ಸಮಾಲೋಚನೆ ನನ್ನ ವೃತ್ತಿ. ಚುನಾವಣೆ ಮುಗಿದ ವಾರಗಳಲ್ಲಿ ಸಂಜೆ ಬಿಡುವು ಮಾಡಿಕೊಂಡು ಈ ಕ್ಯೂರ್ ಕೆಲಸಕ್ಕೂ ಹೋಗುತ್ತೇನೆ. ಅದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ದುಃಖ ಆರುವುದಕ್ಕೆ ಒಂದು ವಾರ ಬೇಕು. ಕ್ಯೂರ್ ಕೆಲಸದ ಗಡುವು ಬಹಳ ರಾಜ್ಯಗಳಲ್ಲಿ ಅದೇ ವಾರದೊಳಗೆ ಮುಗಿದುಹೋಗುತ್ತದೆ. ನೀವು ಅವತ್ತು ಹೋಗದೆ ಇದ್ದದ್ದಕ್ಕೂ ಇದೇ ಕಾರಣ ಇರಬೇಕು. ಮನಸ್ಸು ಸರಿಯಾಗಲಿ, ಆಮೇಲೆ ನೋಡೋಣ ಅಂದುಕೊಂಡಿರುತ್ತೀರಿ. ಮನಸ್ಸು ಸರಿಯಾಗುವ ಹೊತ್ತಿಗೆ ಕೆಲಸವೇ ಇರಲಿಲ್ಲ.

ಮೊದಲು ಆ ಬೇಸರದ ವಿಷಯ. ನಿಮಗೆ ಆದದ್ದು ವಿಚಿತ್ರ ಅಲ್ಲ, ಅತಿಯೂ ಅಲ್ಲ. 2012ರಲ್ಲಿ ಒಬಾಮ ಎದುರು ರಾಮ್ನಿ ಸೋತಾಗ ಲಾಮರ್ ಪಿಯರ್ಸ್, ಟಾಡ್ ರಾಜರ್ಸ್, ಜೇಸನ್ ಸ್ನೈಡರ್ ಎಂಬ ಮೂವರು ಸಂಶೋಧಕರು ದಿನದಿನದ ಸಮೀಕ್ಷೆ ಇಟ್ಟುಕೊಂಡು ಜನರ ಮನಸ್ಥಿತಿ ನೋಡಿದರು. ಸೋತ ಕಡೆಯವರ ದುಃಖ ಎಷ್ಟು ಇತ್ತು ಅಂದರೆ, ಅದೇ ವರ್ಷ ನ್ಯೂಟೌನ್ ಶಾಲೆಯಲ್ಲಿ ಮಕ್ಕಳ ಮೇಲೆ ಗುಂಡು ಹಾರಿದಾಗ ದೇಶದ ತಂದೆತಾಯಿಯರಿಗೆ ಆದದ್ದಕ್ಕಿಂತ ಜಾಸ್ತಿ. ಓದಿದರೆ ಸಂಕಟ ಆಗುತ್ತದೆ, ಆದರೆ ಲೆಕ್ಕ ಹಾಗಿದೆ. ಅದರ ಜೊತೆ ಇನ್ನೂ ಎರಡು ವಿಷಯ ಕಂಡವು. ಗೆದ್ದವರ ಖುಷಿ ಹೇಳಿಕೊಳ್ಳುವಷ್ಟು ಏರಿರಲಿಲ್ಲ. ಸೋತವರ ದುಃಖ ಒಂದು ವಾರದ ಆಸುಪಾಸಿನಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿತ್ತು.

ಅದಕ್ಕೂ ಹಿಂದೆ, 1994ರಲ್ಲಿ, ಟೆಕ್ಸಸ್ ಗವರ್ನರ್ ಚುನಾವಣೆಯಲ್ಲಿ ಜಾರ್ಜ್ ಬುಷ್ ಎದುರು ಆ್ಯನ್ ರಿಚರ್ಡ್ಸ್ ಸೋತರು. ಡೇನಿಯಲ್ ಗಿಲ್ಬರ್ಟ್, ಟಿಮೊಥಿ ವಿಲ್ಸನ್ ಮತ್ತು ಜೊತೆಯವರು ವೋಟು ಹಾಕಿ ಬಂದವರನ್ನು ಕೇಳಿದರು: ನಿಮ್ಮವರು ಸೋತರೆ ಒಂದು ತಿಂಗಳ ನಂತರ ನಿಮಗೆ ಹೇಗಿರುತ್ತದೆ? ತಿಂಗಳು ಕಳೆದ ಮೇಲೆ ಮತ್ತೆ ಕೇಳಿದರು. ರಿಚರ್ಡ್ಸ್ ಕಡೆಯವರು ಅಂದುಕೊಂಡಷ್ಟು ಕೆಟ್ಟದಾಗಿ ಅವರಿಗೆ ಒಟ್ಟಾರೆ ಇರಲಿಲ್ಲ. ನಿಮ್ಮ ಈಗಿನ ಭಯಕ್ಕೆ ಇದು ಸಂಬಂಧಪಟ್ಟದ್ದು. ಸೋತರೆ ಏನಾಗುತ್ತದೋ ಅಂತ ನೀವು ಇವತ್ತು ಊಹಿಸಿಕೊಳ್ಳುತ್ತಿರುವ ತಿಂಗಳು, ನಿಜವಾಗಿ ಬರುವ ತಿಂಗಳಿಗಿಂತ ಕೆಟ್ಟದು.

ಹಾಗಾದರೆ ನಿಮ್ಮದು ಒಂದು ವಾರದಲ್ಲಿ ಇಳಿಯದೆ ತಿಂಗಳು ಪೂರ್ತಿ ಯಾಕೆ ಎಳೆಯಿತು? ನೀವೇ ಬರೆದಿದ್ದೀರಲ್ಲ, ರಾತ್ರಿ ಎರಡರ ಫೋನು, ಮತ್ತೆ ಭಾವನ ಗ್ರೂಪು. ದುಃಖ ತಾನಾಗಿ ಇಳಿಯುತ್ತದೆ. ಸಿಟ್ಟು ಹಾಗಲ್ಲ, ಅದಕ್ಕೆ ಹೊತ್ತು ಹೊತ್ತಿಗೆ ಸೌದೆ ಹಾಕಿದರೆ ಎಷ್ಟು ದಿನ ಬೇಕಾದರೂ ಉರಿಯುತ್ತದೆ. ಊರಿನ ಗ್ರೂಪಿನಲ್ಲಿ ಇನ್ನೊಂದು ತೊಂದರೆ ಇದೆ. ಅಲ್ಲಿರುವವರಿಗೆ ಅಮೆರಿಕದ ಚುನಾವಣೆ ಒಂದು ಕ್ರಿಕೆಟ್ ಮ್ಯಾಚು. 'ಯಾರು ಬಂದ್ರೆ ನಿಂಗೇನು, ನಿನ್ ಕೆಲಸ ಇದೆಯಲ್ಲ' ಅಂತಾರೆ. ನಿಮಗೆ ಅದು ವೀಸಾ, ಮಕ್ಕಳ ಸ್ಕೂಲು, ಆಸ್ಪತ್ರೆ, ನಾಳಿನ ದಿನ. ಭಾವನಿಗೆ ಇದನ್ನು ಅರ್ಥ ಮಾಡಿಸಲು ಹೋಗಬೇಡಿ. ನವೆಂಬರ್ ತಿಂಗಳ ಮಟ್ಟಿಗೆ ಆ ಗ್ರೂಪನ್ನು ಮ್ಯೂಟ್ ಮಾಡಿ. ಹಬ್ಬದ ಫೋಟೋ ಬಂದಾಗ ಅಕ್ಕನೇ ಬೇರೆ ಕಳಿಸುತ್ತಾರೆ.

ಈಗ ಕ್ಯೂರ್ ಅಂದರೆ ಏನು ಅನ್ನುವುದಕ್ಕೆ ಬರೋಣ. ನಿಮಗೆ ಗೊತ್ತಿರಬಹುದು, ಇದನ್ನು ಓದುವ ಊರಿನವರಿಗೂ ತಿಳಿಯಲಿ.

ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿಸಿದ ಪ್ರತಿ ಮತದಾರರ ಮನೆಗೂ ಬ್ಯಾಲೆಟ್ ಟಪಾಲಿನಲ್ಲೇ ಬರುತ್ತದೆ. ತುಂಬಿ, ಕವರಿಗೆ ಹಾಕಿ, ಕವರಿನ ಮೇಲೆ ಸಹಿ ಮಾಡಿ, ಪೋಸ್ಟ್ ಮಾಡಬೇಕು ಅಥವಾ ಡ್ರಾಪ್ ಬಾಕ್ಸಿಗೆ ಹಾಕಬೇಕು. ಗುರುತು ನೋಡುವುದು ಆ ಸಹಿಯಿಂದ. ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಚುನಾವಣಾ ಕಚೇರಿಯಲ್ಲಿ ಕವರಿನ ಸಹಿಯನ್ನು ತಮ್ಮ ದಾಖಲೆಯಲ್ಲಿರುವ ಸಹಿಗಳ ಜೊತೆ ಹೋಲಿಸುತ್ತಾರೆ. ಹೊಂದಿದರೆ ಕವರ್ ಮುಂದಕ್ಕೆ ಹೋಗುತ್ತದೆ. ಹೊಂದದಿದ್ದರೆ, ಅಥವಾ ಸಹಿಯನ್ನೇ ಮರೆತಿದ್ದರೆ, ಕವರ್ ತೆರೆಯದೆ ಪಕ್ಕಕ್ಕೆ ಇಡುತ್ತಾರೆ. ಮತದಾರರಿಗೆ ಪತ್ರ ಹೋಗುತ್ತದೆ. ಆ ಪತ್ರದ ಜೊತೆ ಒಂದು ಫಾರಂ ಇರುತ್ತದೆ. 'ಈ ಬ್ಯಾಲೆಟ್ ಕಳಿಸಿದವರು ನಾವೇ' ಅಂತ ಹೇಳಿ ಸಹಿ ಮಾಡಿ ವಾಪಸ್ ಕೊಟ್ಟರೆ ವೋಟು ಎಣಿಕೆಗೆ ಸೇರುತ್ತದೆ. ಇಷ್ಟೇ ಬ್ಯಾಲೆಟ್ ಕ್ಯೂರ್. ಪತ್ರ ಬಂದರೂ ತೆರೆಯದೆ ಇಟ್ಟವರನ್ನು, ಮನೆ ಬದಲಿಸಿದವರನ್ನು ಹುಡುಕಿ, ಫೋನ್ ಮಾಡಿ, ಬಾಗಿಲು ತಟ್ಟಿ ನೆನಪಿಸುವುದು ವಾಲಂಟಿಯರ್ ಕೆಲಸ.

ನಮ್ಮ ಊರಿನಲ್ಲಿ ಈ ಎರಡನೇ ಅವಕಾಶ ಇಲ್ಲ. ಚುನಾವಣಾ ಡ್ಯೂಟಿಗೆ ಹೋಗುವ ಮೇಷ್ಟ್ರುಗಳು, ಪೊಲೀಸರು ಅಂಚೆ ಮತಪತ್ರದ ಜೊತೆ 13ಎ ಅನ್ನುವ ಘೋಷಣೆ ತುಂಬಿ, ಅದಕ್ಕೆ ಅಧಿಕಾರಿಯ ದೃಢೀಕರಣ ಮಾಡಿಸಬೇಕು. ಅದು ಸರಿ ಇಲ್ಲದಿದ್ದರೆ ಎಣಿಕೆಯ ಮೇಜಿನ ಮೇಲೆ ಆ ವೋಟು ತಿರಸ್ಕೃತ. ಯಾರೂ ಮನೆಗೆ ಫೋನ್ ಮಾಡಿ 'ಮೇಷ್ಟ್ರೇ, ಒಂದು ಸಹಿ ಬಿಟ್ಟಿದೀರಿ' ಅನ್ನುವುದಿಲ್ಲ. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ಕೊನೆಗೆ 16 ವೋಟಿನ ಮೇಲೆ ನಿಂತಾಗ ನಡುರಾತ್ರಿಯ ಜಗಳವೆಲ್ಲ ಅಂಚೆ ಮತಗಳ ಸುತ್ತಲೇ ಇತ್ತು.

ಸಹಿ ಯಾಕೆ ಹೊಂದುವುದಿಲ್ಲ? ಇಲ್ಲಿ ಮೋಸ ಅನ್ನುವುದು ತೀರಾ ಅಪರೂಪ. ಬಹಳಷ್ಟು ಸಲ ಕಾರಣ ಪೆದ್ದುಪೆದ್ದಾಗಿರುತ್ತದೆ. ಗಂಡ ಹೆಂಡತಿ ಅಡುಗೆಮನೆ ಟೇಬಲ್ ಮೇಲೆ ಕೂತು ತುಂಬಿ, ಕವರ್ ಅದಲು ಬದಲು ಮಾಡಿ ಸಹಿ ಹಾಕಿರುತ್ತಾರೆ. ಹುಡುಗರದು ಇನ್ನೊಂದು ಕಥೆ. ಅವರು ಸಹಿ ಅಂತ ಮಾಡಿರುವುದೇ ಒಂದು ಸಲ, ಡಿಎಂವಿಯಲ್ಲಿ ಲೈಸೆನ್ಸ್ ತೆಗೆದುಕೊಳ್ಳುವಾಗ, ಗಾಜಿನಂಥ ಪ್ಯಾಡ್ ಮೇಲೆ ಬೆರಳೋ ಪ್ಲಾಸ್ಟಿಕ್ ಕಡ್ಡಿಯೋ ಆಡಿಸಿ. ಅದೇ ದಾಖಲೆಗೆ ಹೋಗಿರುತ್ತದೆ. ಎರಡು ವರ್ಷ ಬಿಟ್ಟು ಪೆನ್ನು ಹಿಡಿದು ಕಾಗದದ ಮೇಲೆ ಬರೆದರೆ ಬೇರೆಯೇ ಮನುಷ್ಯನ ಸಹಿ. 2024ರಲ್ಲಿ ನೆವಾಡದ ಸೆಕ್ರೆಟರಿ ಆಫ್ ಸ್ಟೇಟ್, ಅಂದರೆ ಆ ರಾಜ್ಯದ ಚುನಾವಣೆ ನೋಡಿಕೊಳ್ಳುವ ಸಿಸ್ಕೊ ಅಗಿಲಾರ್ ಅವರೂ ಇದನ್ನೇ ಹೇಳಿದ್ದರು, ಈಗಿನ ಹುಡುಗರಿಗೆ ಸಹಿ ಅಂತ ಒಂದು ಇರುವುದೇ ಇಲ್ಲ ಅನ್ನುವ ಅರ್ಥದಲ್ಲಿ.

ನಮ್ಮವರದು ಮತ್ತೂ ಬೇರೆ. ಕರ್ನಾಟಕದ ಹೆಸರು ಅಂದರೆ ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು. ಇಲ್ಲಿಗೆ ಬಂದ ಮೇಲೆ ಆ ಅಕ್ಷರ ಬಿಚ್ಚಿ ಉದ್ದ ಮಾಡಿ ಕೊನೆಯ ಹೆಸರು ಅಂತ ಬರೆಸಿರುತ್ತೇವೆ. ಸಹಿ ಮಾತ್ರ ಎಸ್ಸೆಸ್ಸೆಲ್ಸಿ ಕಾಲದ್ದು. ಹೆಸರಿನ ಬದಲು ಬರೀ ಇನಿಶಿಯಲ್ ಹಾಕಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಅಂತ ಕ್ಯಾಲಿಫೋರ್ನಿಯಾ ಕಾನೂನೇ ಹೇಳುತ್ತದೆ. ಸಹಿ ಮತದಾರರದೇ ಅಂದುಕೊಂಡು ನೋಡಲು ಶುರು ಮಾಡಬೇಕು. ತಿರಸ್ಕರಿಸಬೇಕಾದರೆ ಮತ್ತಿಬ್ಬರು ಸಿಬ್ಬಂದಿ ನೋಡಿ ಇಬ್ಬರೂ ಒಪ್ಪಬೇಕು. ಆದರೂ ಕೆಲವರು ಸಿಕ್ಕಿಹಾಕಿಕೊಳ್ಳುತ್ತಾರೆ, ಅದರಲ್ಲೂ ವಯಸ್ಸಾದವರು.

ಒಂದು ಬಾಗಿಲಿನ ಕಥೆ ಹೇಳುತ್ತೇನೆ. ಪಟ್ಟಿಯಲ್ಲಿ ನಮ್ಮ ಕಡೆಯ ಹೆಸರು ಕಂಡು ಹೋಗಿದ್ದೆ. ಬಾಗಿಲು ತೆರೆದದ್ದು ಎಪ್ಪತ್ತು ದಾಟಿದ ಅಮ್ಮ, ಮಗಳ ಮನೆ. ಇಂಗ್ಲಿಷಿನಲ್ಲಿ ಶುರು ಮಾಡಿದೆ, ಮುಖ ಬಿಗಿಯಾಯಿತು. ಕನ್ನಡದಲ್ಲಿ ಮಾತಾಡಿದೆ, ಮುಖ ಇನ್ನೂ ಬಿಗಿಯಾಯಿತು! ಕೌಂಟಿಯಿಂದ ಪತ್ರ ಬಂದು ಆಗಲೇ ಎಷ್ಟೋ ದಿನ ಆಗಿತ್ತು. ಅದರಲ್ಲಿ 'ಸಹಿ ಹೊಂದುವುದಿಲ್ಲ' ಅಂತ ಓದಿ, ತಾನು ಏನೋ ಅಪರಾಧ ಮಾಡಿದ್ದೇನೆ, ಸಿಟಿಜನ್‌ಶಿಪ್ಪೇ ಹೋಗುತ್ತದೆ ಅಂದುಕೊಂಡು, ಮಗಳಿಗೂ ಹೇಳದೆ ಪತ್ರವನ್ನು ದೇವರ ಗೂಡಿನ ಕೆಳಗೆ, ಪಂಚಾಂಗದ ಒಳಗೆ ಇಟ್ಟಿದ್ದರು. ನೋಂದಣಿ ಮಾಡಿಸುವಾಗ ಕನ್ನಡದಲ್ಲಿ ಸಹಿ ಹಾಕಿದ್ದರಂತೆ. ಕವರಿನ ಮೇಲೆ, ಇಲ್ಲಿಯವರಿಗೆ ಅರ್ಥವಾಗಲಿ ಅಂತ, ಮೊಮ್ಮಗಳ ಹತ್ತಿರ ಕಲಿತು ಇಂಗ್ಲಿಷಿನಲ್ಲಿ ಬರೆದಿದ್ದರು.

'ನೀವು ತಪ್ಪೇನೂ ಮಾಡಿಲ್ಲ ಅಮ್ಮ, ಮೊದಲು ಹೇಗೆ ಹಾಕಿದ್ದಿರೋ ಹಾಗೇ ಹಾಕಿ' ಅಂದೆ. ತಕ್ಷಣ ಹಾಕಲಿಲ್ಲ. ನಾನು ಹೇಳಿದ ನಂಬರಿಗೂ ಫೋನ್ ಮಾಡಲಿಲ್ಲ. ಮಗಳಿಗೆ ಫೋನ್ ಮಾಡಿ, ಮಗಳು ಕೌಂಟಿಯ ವೆಬ್‌ಸೈಟಿನಲ್ಲಿ ನಂಬರ್ ಹುಡುಕಿ, ಅಲ್ಲಿ ವಿಚಾರಿಸಿ, ಹೌದು ಅಂದ ಮೇಲೆ ಕನ್ನಡಕ ಹಾಕಿಕೊಂಡರು. ಅಷ್ಟು ಹೊತ್ತು ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಆ ಅಮ್ಮ ಮಾಡಿದ್ದೇ ಸರಿ. ಗೊತ್ತಿಲ್ಲದವರು ಬಂದು ಸಹಿ ಕೇಳಿದರೆ ಯಾರಾದರೂ ಹಾಗೇ ಮಾಡಬೇಕು. ಈ ಕೆಲಸಕ್ಕೆ ಹೋಗುವವರು ಮೊದಲು ಕಲಿಯಬೇಕಾದದ್ದೂ ಅದೇ: 'ನನ್ನನ್ನು ನಂಬಬೇಡಿ, ಕೌಂಟಿಗೆ ಫೋನ್ ಮಾಡಿ ಕೇಳಿ' ಅಂತ ನಾವೇ ಹೇಳುವುದು.

ಆ ಅಮ್ಮ ಯಾರಿಗೆ ವೋಟು ಹಾಕಿದ್ದರೋ ನನಗೆ ಗೊತ್ತಿಲ್ಲ. ಕೇಳುವಂತಿಲ್ಲ. ಕವರ್ ಮುಚ್ಚಿಯೇ ಇರುತ್ತದೆ, ಕೌಂಟಿಯವರಿಗೂ ಗೊತ್ತಿರುವುದಿಲ್ಲ.

ಇದರಿಂದ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಅಧ್ಯಕ್ಷರ ಚುನಾವಣೆಯ ಮಟ್ಟಿಗೆ ಹೇಳಬೇಕಾದರೆ, 2024ರಲ್ಲಿ ಏನೂ ಬದಲಾಗುತ್ತಿರಲಿಲ್ಲ. ಪೆನ್ಸಿಲ್ವೇನಿಯಾ ಒಂದರಲ್ಲೇ ಅಂತರ ಲಕ್ಷ ದಾಟಿತ್ತು. ಟಿವಿಯಲ್ಲಿ ನೋಡಿ ಅತ್ತ ಫಲಿತಾಂಶವನ್ನು ತಿರುಗಿಸುತ್ತೇನೆ ಅಂತ ಹೊರಟರೆ ಎರಡನೇ ಸಲ ಸೋಲುತ್ತೀರಿ.

ಆದರೆ ಅದೇ ಬ್ಯಾಲೆಟಿನ ಕೆಳಗಿನ ಸಾಲುಗಳಲ್ಲಿ ಕಥೆ ಬೇರೆ. ನಿಮ್ಮ ಮನೆಯಿಂದ ಪಚೆಕೊ ಪಾಸ್ ದಾಟಿದರೆ ಸಿಗುವ ಬಾದಾಮಿ ತೋಟದ ಸೀಮೆ, ಮರ್ಸೆಡ್ ಕಡೆಯ 13ನೇ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರ. 2022ರಲ್ಲಿ ಅಲ್ಲಿ ರಿಪಬ್ಲಿಕನ್ ಜಾನ್ ಡುವಾರ್ಟೆ ಡೆಮಾಕ್ರಟ್ ಆ್ಯಡಮ್ ಗ್ರೇ ಅವರನ್ನು 564 ವೋಟಿನಿಂದ ಸೋಲಿಸಿದರು. 2024ರಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಈ ಸಲ ಗ್ರೇ ಗೆದ್ದರು, 187 ವೋಟಿನಿಂದ. ಅದು ತೀರ್ಮಾನವಾದದ್ದು ಡಿಸೆಂಬರ್ 3ಕ್ಕೆ, ಚುನಾವಣೆ ಮುಗಿದು ನಾಲ್ಕು ವಾರಕ್ಕೆ. ದಕ್ಷಿಣದಲ್ಲಿ 45ನೇ ಕ್ಷೇತ್ರದಲ್ಲಿ ಮೊದಲು ಮುಂದಿದ್ದ ಮಿಶೆಲ್ ಸ್ಟೀಲ್ ಕೊನೆಗೆ ಡೆರೆಕ್ ಟ್ರಾನ್ ಎದುರು 653 ವೋಟಿನಿಂದ ಸೋತರು. 2022ರಲ್ಲಿ ಅರಿಜೋನದ ಅಟಾರ್ನಿ ಜನರಲ್ ಸ್ಥಾನ ಮರುಎಣಿಕೆ ಆದ ಮೇಲೆ 280 ವೋಟಿಗೆ ನಿಂತಿತು. ಅದೇ ವರ್ಷ ಕೊಲರಾಡೊದಲ್ಲಿ ರಿಪಬ್ಲಿಕನ್ ಲಾರೆನ್ ಬೋಬರ್ಟ್ ಗೆದ್ದದ್ದು 546 ವೋಟಿನಿಂದ. ಇಂಥ ಕಡೆಗಳಲ್ಲೆಲ್ಲ ಎರಡೂ ಪಕ್ಷದವರು ಪಟ್ಟಿ ಹಿಡಿದು ಬೀದಿ ಬೀದಿ ಸುತ್ತಿದ್ದರು. ಇದು ಒಂದು ಪಕ್ಷದ ಚಾಳಿ ಅಲ್ಲ.

ಒಂದು ವೋಟಿನ ಬೆಲೆ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ ಬಿಡಿ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಕೃಷ್ಣಮೂರ್ತಿಯವರ ಕಾರಿನ ಡ್ರೈವರಿಗೇ ಅವತ್ತು ವೋಟು ಹಾಕಲು ಆಗಿರಲಿಲ್ಲ ಅಂತ ಆಮೇಲೆ ಪತ್ರಿಕೆಗಳಲ್ಲಿ ಬಂತು. ಕೃಷ್ಣಮೂರ್ತಿಯವರು 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದು ಬಂದರು, ಅದು ಬೇರೆ ಮಾತು.

ಇಡೀ ದೇಶದ ಲೆಕ್ಕ ನೋಡಿದರೆ, 2020ರಲ್ಲಿ ಟಪಾಲಿನಲ್ಲಿ ಬಂದ ಬ್ಯಾಲೆಟ್‌ಗಳಲ್ಲಿ ತಿರಸ್ಕೃತವಾದದ್ದು ಶೇಕಡಾ 0.8. ಕೇಳಲು ಸಣ್ಣದು. ಆದರೆ ಅದು ಐದು ಲಕ್ಷಕ್ಕಿಂತ ಜಾಸ್ತಿ ಜನ. ಅವರಲ್ಲಿ ಕೆಲವರು ತಡವಾಗಿ ಕಳಿಸಿದವರು, ಅವರಿಗೆ ಏನೂ ಮಾಡಲಾಗುವುದಿಲ್ಲ. ಸಹಿಯ ತೊಂದರೆಯವರಿಗೆ ಮಾತ್ರ ದಾರಿ ಇದೆ.

ಈಗ ನಿಮ್ಮ ಕಾನೂನಿನ ಪ್ರಶ್ನೆ. ಈ ಪಟ್ಟಿ ಕದ್ದದ್ದಲ್ಲ. ಯಾರ ಕವರ್ ತಡೆದಿದೆ ಅನ್ನುವ ಮಾಹಿತಿಯನ್ನು ಪಕ್ಷಗಳು, ಅಭ್ಯರ್ಥಿಗಳ ತಂಡಗಳು ಕೌಂಟಿಯಿಂದಲೇ ಪಡೆಯುತ್ತವೆ. ಮತದಾರರಿಗೆ ನೆನಪಿಸುವುದು, ಫಾರಂ ಎಲ್ಲಿದೆ ಅಂತ ತೋರಿಸುವುದು ಕಾನೂನಿಗೆ ಸರಿಯಾಗೇ ಇದೆ. ಎಚ್ಚರ ಬೇಕಾಗಿರುವುದು ನಾವು ಬಾಗಿಲಲ್ಲಿ ನಿಂತು ಏನು ಮಾಡುತ್ತೇವೆ ಅನ್ನುವುದರಲ್ಲಿ. ಅವರ ಪರವಾಗಿ ಒಂದು ಗೆರೆ ಕೂಡ ಎಳೆಯಬಾರದು. 'ಹೀಗೆ ಸಹಿ ಮಾಡಿ' ಅಂತ ಬರೆದು ತೋರಿಸಬಾರದು. ಕೈ ನಡುಗಿ ಸಹಿ ಆಗದವರಿಗೆ ಗುರುತು ಹಾಕಿ ಸಾಕ್ಷಿ ಹಾಕಿಸುವ ದಾರಿ ಇದೆ, ಅದನ್ನು ಕೌಂಟಿಯವರ ಹತ್ತಿರವೇ ಕೇಳಿಸಿ. ತುಂಬಿದ ಫಾರಂ ನಾವು ತೆಗೆದುಕೊಂಡು ಹೋಗಿ ಕೊಡಬಹುದೇ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ತರಬೇತಿಯಲ್ಲಿ ಸ್ಪಷ್ಟವಾಗಿ ಹೇಳದೆ ಇದ್ದರೆ ಕೈಗೇ ತೆಗೆದುಕೊಳ್ಳಬೇಡಿ. ಖುಷಿಗೆ ಒಂದು ಕಾಫಿ ಕಾರ್ಡ್ ಕೊಡೋಣ ಅನ್ನಿಸಿದರೂ ಬೇಡ. ವೋಟಿಗೆ ಪ್ರತಿಯಾಗಿ ಏನನ್ನಾದರೂ ಕೊಡುವುದು ಫೆಡರಲ್ ಅಪರಾಧ. ಫೋಟೋ ತೆಗೆಯಬೇಡಿ. ಆ ಪಟ್ಟಿಯಲ್ಲಿರುವ ಹೆಸರು, ಅಡ್ರೆಸ್ಸು ನಿಮ್ಮ ಕನ್ನಡ ಕೂಟದ ಗ್ರೂಪಿಗೆ ಹೋಗಬಾರದು, ಎಷ್ಟೇ ಪರಿಚಯದ ಹೆಸರು ಕಂಡರೂ.

ನಿಯಮಗಳನ್ನು ಪ್ರತಿ ಸಲವೂ ಹೊಸದಾಗಿ ನೋಡಿಕೊಳ್ಳಬೇಕು. ಕೆಳಗೆ ಹೇಳುವುದು 2024ರ ಲೆಕ್ಕ. ಜಾರ್ಜಿಯಾದಲ್ಲಿ ಚುನಾವಣೆಯ ನಂತರ 3 ದಿನ. ಅರಿಜೋನದಲ್ಲಿ 5 ದಿನ. ನೆವಾಡದಲ್ಲಿ ನವೆಂಬರ್ 12ರ ಸಂಜೆವರೆಗೆ. ಕೊಲರಾಡೊದಲ್ಲಿ 8 ದಿನ, ಅಲ್ಲಿ ಫೋನಿನಿಂದ ಮೆಸೇಜ್ ಕಳಿಸಿಯೇ ಮುಗಿಸಬಹುದು. ಪೆನ್ಸಿಲ್ವೇನಿಯಾದಲ್ಲಿ ಒಂದು ಕೌಂಟಿಯ ಪದ್ಧತಿ ಪಕ್ಕದ ಕೌಂಟಿಗೆ ಇಲ್ಲ, ತಲೆ ಕೆಡುತ್ತದೆ. ಕ್ಯಾಲಿಫೋರ್ನಿಯಾ ಇವರೆಲ್ಲರಿಗಿಂತ ಉದಾರಿ, ಡಿಸೆಂಬರ್ 1ರವರೆಗೆ ಕೊಟ್ಟಿತ್ತು. ಎಣಿಕೆ ಇಷ್ಟು ನಿಧಾನ ಯಾಕೆ ಅಂತ ಎಲ್ಲರೂ ಬೈಯುವುದಕ್ಕೆ ಒಂದು ಕಾರಣವೂ ಇದೇ. ಇನ್ನೊಂದು ವಿಷಯ, 2025ರ ನವೆಂಬರ್‌ನಲ್ಲಿ ಪ್ರಾಪೊಸಿಷನ್ 50 ಅನ್ನುವ, ಜನರ ವೋಟಿಗೆ ಹಾಕಿದ ಪ್ರಸ್ತಾವ ಪಾಸಾಗಿ ನಿಮ್ಮ ರಾಜ್ಯದ ಕಾಂಗ್ರೆಸ್ ಕ್ಷೇತ್ರಗಳ ಗಡಿ ಬದಲಾಗಿದೆ. ಹಳೇ ನಕ್ಷೆ ನೋಡಿಕೊಂಡು ಹೊರಡಬೇಡಿ.

ನೀವು ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಅದು ನಿಮ್ಮ ಪುಣ್ಯ. ನೆವಾಡದ ಓದುಗರು ಕೇಳಿದ್ದರೆ ಬುಧವಾರವೇ ಫೋನ್ ಹಿಡಿಯಿರಿ ಅನ್ನಬೇಕಾಗುತ್ತಿತ್ತು. ನಿಮಗೆ ನಾನು ಹೇಳುವುದು ಹೀಗೆ. ಫಲಿತಾಂಶದ ರಾತ್ರಿ ಹತ್ತಕ್ಕೆ ಟಿವಿ ಆರಿಸಿ. ಕ್ಯಾಲಿಫೋರ್ನಿಯಾದ ಬಿಗಿ ಸ್ಪರ್ಧೆಗಳು ಅವತ್ತು ತೀರ್ಮಾನ ಆಗುವುದೇ ಇಲ್ಲ, ಎದ್ದು ಕೂತು ಏನು ನೋಡುತ್ತೀರಿ? ಮೊದಲ ಎರಡು ಮೂರು ದಿನ ಅಳು ಬಂದರೆ ಅಳಿ, ಊಟ ನಿದ್ದೆ ಬಿಡಬೇಡಿ. ಆ ವಾರಾಂತ್ಯಕ್ಕೆ ಒಂದು ಫೋನ್ ಶಿಫ್ಟ್ ಹಿಡಿಯಿರಿ. ಮನಸ್ಸು ಸರಿಯಾಗಲಿ ಅಂತ ಕಾಯಬೇಡಿ. ಖಿನ್ನತೆಗೆ ನಾವು ಕೊಡುವ ಒಂದು ಚಿಕಿತ್ಸೆಯೇ ಹೀಗಿದೆ, ಮೊದಲು ಸಣ್ಣ ಕೆಲಸ, ಆಮೇಲೆ ಉತ್ಸಾಹ. ಉತ್ಸಾಹ ಬಂದ ಮೇಲೆ ಕೆಲಸ ಅಂದರೆ ಎರಡೂ ಆಗುವುದಿಲ್ಲ.

ಆದರೆ ಒಂದು ಪರೀಕ್ಷೆ ಇಟ್ಟುಕೊಳ್ಳಿ. ದುಃಖದಲ್ಲಿ ಫೋನ್ ಮಾಡಬಹುದು, ಸಿಟ್ಟಿನಲ್ಲಿ ಮಾಡಬಾರದು. ಫೋನ್ ಎತ್ತಿದವರು 'ನೀವು ಸೋತಾಯ್ತಲ್ಲ, ಇನ್ನೂ ಯಾಕೆ ತಲೆ ತಿನ್ನುತ್ತೀರಿ' ಅಂದರೆ 'ಸರಿ, ನಿಮ್ಮ ಕವರಿಗೆ ಒಂದು ಸಹಿ ಬೇಕಿದೆ ಅಷ್ಟೇ' ಅಂತ ಸಮಾಧಾನವಾಗಿ ಹೇಳಲು ಆಗುತ್ತದಾ? ಆಗುತ್ತದೆ ಅಂದರೆ ಹೋಗಿ. ನಾಲಿಗೆ ತುದಿಯಲ್ಲಿ ಉತ್ತರ ರೆಡಿ ಇದ್ದರೆ ಇನ್ನೆರಡು ದಿನ ಬಿಡಿ. ಯಾಕೆಂದರೆ ನಿಮ್ಮ ಒಂದು ಮಾತಿಗೆ ಅವರು ಫಾರಂ ಹರಿದು ಹಾಕಿದರೆ ನಷ್ಟ ಅವರ ವೋಟಿಗೆ.

ಕೆಲಸ ಹೇಗಿರುತ್ತದೆ ಅಂತಲೂ ಗೊತ್ತಿರಲಿ, ಸಿನಿಮಾದ ಹಾಗೆ ಇರುವುದಿಲ್ಲ. ಬಹಳಷ್ಟು ಫೋನು ಯಾರೂ ಎತ್ತುವುದಿಲ್ಲ. ಬಹಳಷ್ಟು ಬಾಗಿಲು ತೆರೆಯುವುದಿಲ್ಲ, ಬೆಲ್ಲಿನ ಕ್ಯಾಮೆರಾ ಜೊತೆ ಮಾತಾಡಿ ಬರುತ್ತೀರಿ. ಹುಡುಗ ಕಾಲೇಜಿಗೆ ಹೋಗಿರುತ್ತಾನೆ, ಅವನ ತಾಯಿ ನಿಮ್ಮನ್ನು ಮೇಲಿಂದ ಕೆಳಗೆ ನೋಡಿ ನಂಬರ್ ಕೊಡಬೇಕೋ ಬೇಡವೋ ಅಂತ ಯೋಚಿಸುತ್ತಾರೆ. ನಿಮ್ಮ ಫೋನ್ ನಂಬರನ್ನು ಅವರಿಗೆ ಕೊಟ್ಟು ಬಂದರೆ ಎಷ್ಟೋ ಸಲ ಆ ಹುಡುಗನೇ ರಾತ್ರಿ ಮೆಸೇಜ್ ಮಾಡುತ್ತಾನೆ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿರುತ್ತದೆ, ಐದಕ್ಕೆಲ್ಲ ಕತ್ತಲು. ಅದಕ್ಕೇ ಶನಿವಾರ ಭಾನುವಾರ ಹಗಲು ಹೋಗಿ, ಒಬ್ಬರೇ ಹೋಗಬೇಡಿ, ನೀರಿನ ಬಾಟಲಿ, ಒಳ್ಳೆ ಪೆನ್ನು ಇರಲಿ. ಪೆನ್ನು ಯಾಕೆ ಅಂದರೆ, ಸಹಿ ಮಾಡೋಣ ಅಂದವರ ಮನೆಯಲ್ಲಿ ಬರೆಯುವ ಪೆನ್ನು ಸಿಗುವುದಿಲ್ಲ.

ಆ ಸಂಜೆ ನಿಮಗೆ ಏನಾಗುತ್ತದೆ ಅಂತ ನಾನು ಭರವಸೆ ಕೊಡುವುದಿಲ್ಲ. ಬಹಳ ಜನರಿಗೆ ಆಗುವುದು ಇಷ್ಟು: ಮೂರು ಗಂಟೆ ಫೋನಿನಲ್ಲಿ ಸುದ್ದಿ ನೋಡಿರುವುದಿಲ್ಲ. ಅರ್ಧ ದೇಶ, ಇನ್ನರ್ಧ ದೇಶ ಅಂತ ಯೋಚಿಸುತ್ತಿದ್ದ ತಲೆಗೆ ಒಂದು ಹೆಸರು, ಒಂದು ಬೀದಿ, ಒಂದು ಫಾರಂ ಸಿಕ್ಕಿರುತ್ತದೆ. ನನ್ನ ಅನುಭವದಲ್ಲಿ ನಿದ್ದೆಗೆ ಅದು ಸಾಕು.

ಬಾಗಿಲು ತಟ್ಟುವುದು ನಿಮ್ಮ ಸ್ವಭಾವಕ್ಕೆ ಒಗ್ಗದಿದ್ದರೆ ಇನ್ನೊಂದು ದಾರಿ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಹಿ ಹೋಲಿಸುವ ಕೆಲಸವನ್ನು, ಎಣಿಕೆಯನ್ನು ಸಾರ್ವಜನಿಕರು ಹೋಗಿ ನೋಡಬಹುದು. ಕೌಂಟಿ ಕಚೇರಿಗೆ ಹೋಗಿ, ವೀಕ್ಷಕರು ಅಂತ ಹೇಳಿ, ಅವರು ತೋರಿಸಿದ ಕಡೆ ನಿಂತು ನೋಡಿ. ಎಣಿಕೆಯಲ್ಲೇ ಏನೋ ಗೋಲ್‌ಮಾಲ್ ನಡೆದಿದೆ ಅಂತ ಅನುಮಾನ ಹತ್ತಿದವರಿಗೆ ನಾನು ಮೊದಲು ಹೇಳುವುದೇ ಇದನ್ನು. ಅನುಮಾನ ಯಾವಾಗಲೂ ಸೋತ ಕಡೆಯವರಿಗೇ ಜಾಸ್ತಿ ಹತ್ತುತ್ತದೆ, ಪಕ್ಷ ಯಾವುದಾದರೂ ಅಷ್ಟೇ. ಒಬ್ಬ ಗುಮಾಸ್ತೆ ಒಂದು ಸಹಿಯ ಮೇಲೆ ಎಷ್ಟು ಹೊತ್ತು ಕಣ್ಣಿಡುತ್ತಾರೆ, ಸಂದೇಹ ಬಂದರೆ ಪಕ್ಕದವರನ್ನು ಹೇಗೆ ಕರೆಯುತ್ತಾರೆ ಅಂತ ಒಂದು ಬೆಳಿಗ್ಗೆ ನೋಡಿ ಬಂದವರು ಆಮೇಲೆ ಫಾರ್ವರ್ಡ್ ಮೆಸೇಜುಗಳನ್ನು ಬೇರೆ ಕಣ್ಣಿಂದ ಓದುತ್ತಾರೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದರೆ ಅದನ್ನು ರಾಜಕೀಯದ ಬೇಸರ ಅಂತ ತಳ್ಳಿಹಾಕಬೇಡಿ. ವಾಲಂಟಿಯರ್ ಕೆಲಸ ಅದಕ್ಕೆ ಔಷಧಿ ಅಲ್ಲ. ನಿಮ್ಮ ಡಾಕ್ಟರಿಗೆ ಹೇಳಿ. ಬದುಕೇ ಬೇಡ ಅನ್ನಿಸಿದರೆ ಆ ಕ್ಷಣವೇ 988ಕ್ಕೆ ಫೋನ್ ಮಾಡಿ, ಮೆಸೇಜ್ ಬೇಕಾದರೂ ಮಾಡಬಹುದು. ಎಷ್ಟೋ ಸಲ ಚುನಾವಣೆ ಬರೀ ನೆಪ ಆಗಿರುತ್ತದೆ, ಕೆಳಗೆ ಬೇರೆ ಏನೋ ಇರುತ್ತದೆ.

ಇನ್ನು ನಿಮ್ಮ ಯಜಮಾನರ ವಿಷಯ. ಗ್ರೀನ್ ಕಾರ್ಡ್ ಇರುವವರು ಸಂಬಳ ಇಲ್ಲದೆ ಪ್ರಚಾರದ ಕೆಲಸ ಮಾಡಬಹುದು, ಫೆಡರಲ್ ಕಾನೂನಿನಲ್ಲಿ ದೇಣಿಗೆಯನ್ನೂ ಕೊಡಬಹುದು. ಹೆಚ್1ಬಿ ಇರುವವರೂ ಸಂಬಳವಿಲ್ಲದ ವಾಲಂಟಿಯರ್ ಆಗಬಹುದು. ಆದರೆ ದೇಣಿಗೆ ಕೊಡುವಂತಿಲ್ಲ, ಪ್ರಚಾರದ ಹಣ ಹೇಗೆ ಖರ್ಚಾಗಬೇಕು ಅನ್ನುವಂಥ ತೀರ್ಮಾನಗಳಲ್ಲಿ ಕೂರುವಂತಿಲ್ಲ. ಅಂಥವರು ಹೊರಡುವ ಮೊದಲು ತಮ್ಮ ಇಮಿಗ್ರೇಷನ್ ವಕೀಲರನ್ನು ಒಂದು ಮಾತು ಕೇಳುವುದು ಒಳ್ಳೆಯದು. ಅಪಾಯ ಇರುವುದು ಬೇರೆ ಕಡೆ. ನಿಮ್ಮವರು ಯಾವ ಕಾರಣಕ್ಕೂ, ಯಾರು ಎಷ್ಟೇ ಒತ್ತಾಯ ಮಾಡಿದರೂ, ಮತದಾರರ ನೋಂದಣಿ ಫಾರಂ ತುಂಬಬಾರದು. ಡಿಎಂವಿಯಲ್ಲಿ ಲೈಸೆನ್ಸ್ ನವೀಕರಿಸುವಾಗ ಸ್ಕ್ರೀನಿನಲ್ಲಿ ಬರುವ 'ನೀವು ಸಿಟಿಜನ್ನೇ' ಅನ್ನುವ ಪ್ರಶ್ನೆಗೆ ಅಪ್ಪಿತಪ್ಪಿಯೂ ಹೌದು ಅಂತ ಒತ್ತಬಾರದು. ಸುಳ್ಳು ಪೌರತ್ವ ಹೇಳಿಕೊಂಡರೆ ಗ್ರೀನ್ ಕಾರ್ಡೇ ಹೋಗಿ ದೇಶ ಬಿಡಬೇಕಾಗಬಹುದು. ವಾಲಂಟಿಯರ್ ಹೆಸರು ಬರೆಸುವಾಗ ಪೌರತ್ವ ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಲಿ. ಫೋನ್ ಮಾಡಬಹುದು, ಬಾಗಿಲು ತಟ್ಟಬಹುದು, ಪಚೆಕೊ ಪಾಸ್ ಮೇಲೆ ನೀವು ನಿದ್ದೆ ಮಾಡುವಾಗ ಕಾರು ಓಡಿಸಬಹುದು.

ಗೆಳತಿಗೆ ಈಗಲೇ ಹೇಳಿಡಿ. ತರಬೇತಿ ಸಾಮಾನ್ಯವಾಗಿ ಒಂದು ಸಂಜೆಯ ಆನ್‌ಲೈನ್ ಕ್ಲಾಸು. ನವೆಂಬರ್‌ನಲ್ಲಿ ಹೆಸರು ಬರೆಸಿಕೊಳ್ಳುವವರು ಬಹಳ ಜನ, ಹೇಳಿಕೊಡುವವರು ಕಡಿಮೆ. ಅಕ್ಟೋಬರ್‌ನಲ್ಲೇ ಮುಗಿಸಿಕೊಂಡರೆ ಆ ವಾರ ಹೊಸದಾಗಿ ಏನನ್ನೂ ಕಲಿಯಬೇಕಾಗಿ ಬರುವುದಿಲ್ಲ.